ತೂಕ ಇಳಿಸುವವರು ಚಹಾ ಹಾಗೂ ಕೃತಕ ಸಿಹಿಕಾರಕ ಬಳಸುವ ಕುರಿತು ಮಾಹಿತಿ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹ ತಪಾಸಣೆಗೆ ಬರುವ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ದೇಹತೂಕ ಸೂಚ್ಯಂಕ. ಭಾರತೀಯರಲ್ಲಿ ಇದು 23 ಮುಟ್ಟಿದರೆ ಅಧಿಕ ತೂಕವೆಂದೂ, 25 ಮುಟ್ಟಿದರೆ ಬೊಜ್ಜು ಎಂದೂ ಪರಿಗಣಿಸಲಾಗುತ್ತದೆ.

ಹಾಲು, ಸಕ್ಕರೆ ಬೆರೆಸದ ಚಹಾ ತೂಕವನ್ನು ಹೆಚ್ಚಿಸುವುದಿಲ್ಲ. ತೂಕಕ್ಕೆ ಕಾರಣವಾಗುವುದು ಅದಕ್ಕೆ ಸೇರಿಸುವ ಪದಾರ್ಥ. ಒಂದು ಟೀ ಚಮಚ ಸಕ್ಕರೆಯಲ್ಲಿ ಸುಮಾರು 20 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ಲೋಟಕ್ಕೆ 2 ಚಮಚದಂತೆ ದಿನಕ್ಕೆ 4 ಬಾರಿ ಚಹಾ ಕುಡಿಯುವವರ ದೇಹಕ್ಕೆ ಚಹಾದಿಂದಲೇ 40 ಗ್ರಾಂ ಸಕ್ಕರೆ ಸೇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯು ದಿನಕ್ಕೆ 20ರಿಂದ 25 ಗ್ರಾಂ ಮಿತಿಯನ್ನು ಸೂಚಿಸುತ್ತದೆ. ಚಹಾದ ಜೊತೆಗೆ ತಿನ್ನುವ ಗೋಳಿಬಜೆ, ಬನ್ಸ್ ಮುಂತಾದ ಕರಿದ ತಿಂಡಿಗಳ ಲೆಕ್ಕ ಇದಕ್ಕೆ ಹೊರತಾದುದು.

ಸಕ್ಕರೆ ಬಿಟ್ಟು ಬೆಲ್ಲ ಅಥವಾ ಜೇನು ಬಳಸಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಜಿಲ್ಲೆಯಲ್ಲಿ ವ್ಯಾಪಕವಾಗಿದೆ. ಬೆಲ್ಲದಲ್ಲಿರುವ ಶಕ್ತಿಯ ಪ್ರಮಾಣ ಸಕ್ಕರೆಗೆ ಹೆಚ್ಚುಕಡಿಮೆ ಸಮನಾಗಿರುವುದರಿಂದ ಈ ನಂಬಿಕೆಗೆ ಆಧಾರವಿಲ್ಲ. ಹಾಲಿಲ್ಲದ ಕಣ್ಣ ಚಾ ಕುಡಿಯುವವರು ಜೊತೆಗೆ ಕಚ್ಚಿಕೊಳ್ಳುವ ಬೆಲ್ಲದ ತುಂಡೂ ಲೆಕ್ಕಕ್ಕೆ ಸೇರಬೇಕು.

ಸ್ಯಾಕರಿನ್, ಆಸ್ಪರ್ಟೇಮ್, ಸುಕ್ರಲೋಸ್, ಸ್ಟೀವಿಯಾ ಮುಂತಾದ ಸಿಹಿಕಾರಕಗಳಲ್ಲಿ ಶಕ್ತಿ ಇಲ್ಲ ಅಥವಾ ನಗಣ್ಯ. ಆದಾಗ್ಯೂ ತೂಕ ನಿಯಂತ್ರಣದ ಉದ್ದೇಶಕ್ಕೆ ಇವುಗಳನ್ನು ಬಳಸದಿರುವಂತೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಸಲಹೆ ನೀಡಿದೆ. ದೀರ್ಘಕಾಲದಲ್ಲಿ ದೇಹದ ಕೊಬ್ಬು ಇಳಿಯುವುದಕ್ಕೆ ಪುರಾವೆ ದೊರೆತಿಲ್ಲ. ಮಧುಮೇಹ ಹಾಗೂ ಹೃದ್ರೋಗದ ಸಾಧ್ಯತೆ ಹೆಚ್ಚಬಹುದೆಂಬ ಸೂಚನೆಗಳಿವೆ. ಈ ಸಂಬಂಧ ಖಚಿತವಾಗಿ ಸಿದ್ಧಪಟ್ಟಿಲ್ಲವಾದ್ದರಿಂದ ಸಲಹೆಯನ್ನು ಷರತ್ತುಬದ್ಧವೆಂದು ಹೇಳಲಾಗಿದೆ. ಈಗಾಗಲೇ ಮಧುಮೇಹ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಅವರು ವೈದ್ಯರ ಸಲಹೆಯಂತೆ ನಡೆಯತಕ್ಕದ್ದು. ಫಿನೈಲ್‌ಕೀಟೋನೂರಿಯಾ ಎಂಬ ಜನ್ಮಜಾತ ತೊಂದರೆ ಇರುವವರು ಆಸ್ಪರ್ಟೇಮ್ ಸೇವಿಸಲೇಬಾರದು.

ಆದುದರಿಂದ ಸಕ್ಕರೆಯ ಜಾಗಕ್ಕೆ ಮಾತ್ರೆ ತರುವುದಕ್ಕಿಂತ ಸಿಹಿಯನ್ನೇ ಕಡಿಮೆ ಮಾಡುವುದು ಉತ್ತಮ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬಂದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಕೆನೆಭರಿತ ಹಾಲಿನ ಬದಲು ಟೋನ್ಡ್ ಹಾಲು ಬಳಸಬಹುದು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ಪಡೆಯುತ್ತಿರುವವರು ತೂಕ ಇಳಿಸಲೆಂದು ಊಟ ಬಿಟ್ಟು ಬರೀ ಚಹಾ ಕುಡಿಯುವುದು ಅಪಾಯಕರ. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮಂಪರು ಕಾಣಿಸಿಕೊಂಡರೆ, ಪ್ರಜ್ಞೆ ಇರುವಾಗಲೇ ಸುಮಾರು 3 ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಸಿಹಿಕಾರಕ ಹಾಕಿದ ಚಹಾದಿಂದ ಆಗ ಪ್ರಯೋಜನವಿಲ್ಲ.

ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಮಹಿಳೆಯರು ಹಸಿವು ತಡೆಯಲು ಪದೇ ಪದೇ ಚಹಾ ಕುಡಿಯುವುದುಂಟು. ಚಹಾದ ಟ್ಯಾನಿನ್ ಆಹಾರದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುವುದರಿಂದ ರಕ್ತಹೀನತೆ ಉಲ್ಬಣಿಸಬಹುದು. ಊಟಕ್ಕೆ ಹಾಗೂ ಕಬ್ಬಿಣಾಂಶದ ಮಾತ್ರೆಗೆ ಮೊದಲು ಮತ್ತು ನಂತರ ಕನಿಷ್ಠ 1 ಗಂಟೆ ಚಹಾ ಸೇವಿಸಬಾರದು. ಗರ್ಭಿಣಿಯರು ಇದನ್ನು ವಿಶೇಷವಾಗಿ ಪಾಲಿಸತಕ್ಕದ್ದು.

30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ. ಬಂಟ್ವಾಳ, ಬೆಳ್ತಂಗಡಿಯವರು ತಾಲ್ಲೂಕು ಆಸ್ಪತ್ರೆಯನ್ನು, ಮೂಡುಬಿದಿರೆಯವರು ಸಮುದಾಯ ಆರೋಗ್ಯ ಕೇಂದ್ರವನ್ನು ಅಥವಾ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ಹಿಂದಿನ ಪರೀಕ್ಷಾ ವರದಿಗಳನ್ನೂ, ಸೇವಿಸುತ್ತಿರುವ ಔಷಧಿಗಳನ್ನೂ ತಪಾಸಣೆಗೆ ಬರುವಾಗ ಜೊತೆಗೆ ತರುವುದು.