ಮನೆಯ ಹವಳ ಅಕ್ವೇರಿಯಂ: ಎಲ್‌ಇಡಿ ದೀಪದ ವರ್ಣಗಳ ಆಯ್ಕೆ

ಸಮುದ್ರದ ನೀರಿನ ಗಾಜಿನ ತೊಟ್ಟಿಯಲ್ಲಿ ಹವಳ ಹಾಗೂ ಅದರ ಸಂಬಂಧಿ ಜೀವಿಗಳನ್ನು ಪಾಲಿಸುವ ವ್ಯವಸ್ಥೆಯನ್ನು ಹವಳ ಅಕ್ವೇರಿಯಂ ಎನ್ನಲಾಗುತ್ತದೆ. ಮೀನಿಗೆ ದೀಪವು ಮುಖ್ಯವಾಗಿ ಹಗಲು-ರಾತ್ರಿಯ ಸೂಚನೆ; ಹವಳಕ್ಕಾದರೋ ಅದು ಆಹಾರದ ಮೂಲ. ಹವಳದ ಅಂಗಾಂಶದೊಳಗೆ ವಾಸಿಸುವ ಝೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ತಯಾರಿಸುವ ಆಹಾರದ ಹೆಚ್ಚಿನ ಭಾಗವು ಹವಳಕ್ಕೆ ಸೇರುತ್ತದೆ. ಆದುದರಿಂದ ದೀಪದ ವರ್ಣವನ್ನು ನೋಡುವವರ ಕಣ್ಣಿಗಿಂತ ಈ ಪಾಚಿಗಳ ಅಗತ್ಯಕ್ಕೆ ಅನುಗುಣವಾಗಿ ಆರಿಸಬೇಕಾಗುತ್ತದೆ.

ಸಮುದ್ರದಲ್ಲಿ ಸೂರ್ಯನ ಬೆಳಕಿನ ಕೆಂಪು ಭಾಗವು ಮೊದಲ ಕೆಲವು ಮೀಟರ್‌ಗಳಲ್ಲಿಯೇ ಬಹುತೇಕ ಹೀರಲ್ಪಡುತ್ತದೆ. ನೀಲಿ ಭಾಗವು ಆಳಕ್ಕೆ ಇಳಿಯುತ್ತದೆ. ಆದರೆ ಮನೆಯ ತೊಟ್ಟಿಯ ನೀರಿನ ಆಳ ಸಾಮಾನ್ಯವಾಗಿ 45ರಿಂದ 60 ಸೆಂ.ಮೀ. ಮಾತ್ರ. ಇಷ್ಟು ನೀರು ಯಾವ ವರ್ಣವನ್ನೂ ಗಣನೀಯವಾಗಿ ತಡೆಯಲಾರದು. ಸಮುದ್ರದಲ್ಲಿ ನೀರು ಮಾಡುವ ಸೋಸುವಿಕೆಯನ್ನು ಇಲ್ಲಿ ದೀಪವೇ ಮಾಡಬೇಕು.

ಪಾಚಿಗಳ ಪತ್ರಹರಿತ್ತು 430ರಿಂದ 460 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪೆರಿಡಿನಿನ್ ಎಂಬ ವರ್ಣದ್ರವ್ಯವು ನೀಲಿ-ಹಸಿರು ಭಾಗವನ್ನೂ ಬಳಸಿಕೊಳ್ಳುತ್ತದೆ. ಹೀಗಾಗಿ 450ರ ಸುಮಾರಿನ ಗಾಢ ನೀಲಿ ಹಾಗೂ 470ರ ಸುಮಾರಿನ ನೀಲಿ ಎಲ್‌ಇಡಿಗಳು ದೀಪದ ಮುಖ್ಯ ಭಾಗವಾಗಿರುವುದು ಸೂಕ್ತ. 400ರಿಂದ 420ರ ನೇರಳೆಯು ಹವಳದ ಪ್ರತಿದೀಪ್ತ ಪ್ರೋಟೀನುಗಳನ್ನು ಹೊಳೆಯಿಸುತ್ತದೆ. ಅಂಗಡಿಯಲ್ಲಿ ಗ್ರಾಹಕರನ್ನು ಸೆಳೆಯುವ ಹಸಿರು ಹೊಳಪಿಗೆ ಬಹುಮಟ್ಟಿಗೆ ಈ ಪ್ರೋಟೀನುಗಳೇ ಕಾರಣ. ಬಿಳಿ ಎಲ್‌ಇಡಿ ಎಂಬುದು ವಾಸ್ತವವಾಗಿ ಹಳದಿ ಫಾಸ್ಫರ್ ಲೇಪಿತ ನೀಲಿ ಎಲ್‌ಇಡಿಯೇ ಆಗಿದ್ದು, ಸಹಜ ನೋಟಕ್ಕಾಗಿ ಅದನ್ನು ಮಿತವಾಗಿ ಸೇರಿಸಬಹುದು. ಕೆಂಪನ್ನು ಅತ್ಯಲ್ಪವಾಗಿ ಇಡುವುದು ಒಳಿತು. ಕೆಂಪು ಬೆಳಕು ಹೆಚ್ಚಾದಾಗ ಹವಳದೊಳಗಿನ ಪಾಚಿಗಳ ಸಂಖ್ಯೆ ಕುಗ್ಗಿದುದನ್ನು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗವು ತೋರಿಸಿದೆ.

ನೀಲಿ ದೀಪದ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಮಾನವನ ಕಣ್ಣು ಹಗಲಿನ ಬೆಳಕಿನಲ್ಲಿ 555 ನ್ಯಾನೋಮೀಟರ್‌ನ ಹಸಿರಿಗೆ ಅತ್ಯಂತ ಸಂವೇದನಾಶೀಲ. ಮಂಕಾಗಿ ತೋರುವ ನೀಲಿ ತೊಟ್ಟಿಯಲ್ಲಿ ಹವಳವನ್ನು ಸುಡುವಷ್ಟು ಬೆಳಕು ಇರಬಹುದು. ಲಕ್ಸ್ ಮಾಪಕವೂ, ಮೊಬೈಲ್ ಫೋನಿನ ಮಾಪನವೂ ಕಣ್ಣಿನ ಅಳತೆಯನ್ನೇ ಅನುಸರಿಸುವುದರಿಂದ ಅವೂ ಇದೇ ತಪ್ಪನ್ನು ಮಾಡುತ್ತವೆ. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿನ ಕಣಗಳನ್ನು ಎಣಿಸುವ ಪಿಎಆರ್ ಮಾಪಕವೇ ಸರಿಯಾದ ಸಾಧನ. ಮೃದು ಹವಳಗಳಿಗೆ ಚದರ ಮೀಟರಿಗೆ ಸೆಕೆಂಡಿಗೆ 50ರಿಂದ 150 ಮೈಕ್ರೋಮೋಲ್ ಸಾಮಾನ್ಯವಾಗಿ ಸಾಕಾಗುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿತವಾದ 14,000 ಅಥವಾ 20,000 ಕೆಲ್ವಿನ್ ಎಂಬ ಸಂಖ್ಯೆಯು ಬೆಳಕಿನ ಪ್ರಮಾಣವನ್ನು ತಿಳಿಸುವುದಿಲ್ಲ.

ಹೊಸ ದೀಪವನ್ನು ಮೊದಲ ದಿನವೇ ಪೂರ್ಣ ಪ್ರಮಾಣದಲ್ಲಿ ಉರಿಸಬಾರದು. ಕಡಿಮೆ ಪ್ರಮಾಣದಿಂದ ಆರಂಭಿಸಿ ಮೂರು-ನಾಲ್ಕು ವಾರಗಳಲ್ಲಿ ಕ್ರಮೇಣ ಹೆಚ್ಚಿಸಬೇಕು. ದಿನಕ್ಕೆ 8ರಿಂದ 10 ಗಂಟೆ ಸಾಕು. ಹವಳವು ಬಿಳಿಚಿಕೊಂಡರೆ ಬೆಳಕು ಹೆಚ್ಚಾಗಿರುವ ಸಾಧ್ಯತೆಯಿದ್ದು, ನೀರಿನ ಉಷ್ಣಾಂಶವನ್ನೂ ಪರೀಕ್ಷಿಸಬೇಕು. ಕಂದು ಬಣ್ಣಕ್ಕೆ ತಿರುಗುವುದು ಅನೇಕ ವೇಳೆ ಬೆಳಕಿನ ಕೊರತೆಯ ಗುರುತು. ಇದನ್ನು ರೋಗವೆಂದು ಭಾವಿಸಿ ಔಷಧ ಹಾಕುವವರುಂಟು.

ಭಾರತದಲ್ಲಿ ದೀಪಕ್ಕಿಂತ ಮೊದಲು ವಿಚಾರಿಸಬೇಕಾದುದು ಜೀವಿಯ ಮೂಲ. ದಿಬ್ಬ ಕಟ್ಟುವ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ ಮತ್ತು ಸಮುದ್ರ ಬೀಸಣಿಗೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲಿನ ಹವಳಕ್ಕೂ ಈ ರಕ್ಷಣೆ ಅನ್ವಯಿಸುತ್ತದೆ. ಇಂತಹ ಹವಳವನ್ನು ಸಮುದ್ರದಿಂದ ಕಿತ್ತು ತರುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಪಟ್ಟಿಯಲ್ಲಿ ಹೆಸರಿಲ್ಲದ ಜೀವಿಯನ್ನು ಕೊಳ್ಳುವಾಗಲೂ ಮಾರಾಟಗಾರರಿಂದ ಮೂಲದ ದಾಖಲೆಯನ್ನು ಲಿಖಿತವಾಗಿ ಪಡೆಯತಕ್ಕದ್ದು. ಬಾಯಿಮಾತಿನ ಭರವಸೆ ಸಾಲದು.