ನೊಂದವನನ್ನೇ ದೂರಬಹುದೇ? ಯೋಬನ ಪ್ರಶ್ನೆ

ಒಳ್ಳೆಯವರಿಗೆ ಕಷ್ಟವೇಕೆ, ಕೆಟ್ಟವರಿಗೆ ಸುಖವೇಕೆ? ಪ್ರಾಚೀನ ಯೆಹೂದಿಗಳ ಜ್ಞಾನ ಸಾಹಿತ್ಯ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯೊಳಗೇ ಒಂದು ಗ್ರಂಥ ಇನ್ನೊಂದರೊಡನೆ ವಾದಕ್ಕಿಳಿಯುತ್ತದೆ.

‘ಜ್ಞಾನೋಕ್ತಿಗಳು’ ಗ್ರಂಥದ ನಿಲುವು ಸರಳ. ದುಡಿದವನು ಉಣ್ಣುತ್ತಾನೆ, ಸೋಮಾರಿ ಹಸಿದಿರುತ್ತಾನೆ. ನೀತಿವಂತ ಏಳಿಗೆ ಹೊಂದುತ್ತಾನೆ, ದುಷ್ಟ ನಾಶವಾಗುತ್ತಾನೆ. ಮಕ್ಕಳನ್ನು ತಿದ್ದಲು ಈ ಲೆಕ್ಕ ಸಾಕು. ಆದರೆ ಇದನ್ನೇ ತಿರುಗಿಸಿ ಓದಿದರೆ ಅಪಾಯ: ಕಷ್ಟದಲ್ಲಿರುವವನನ್ನು ಕಂಡೊಡನೆ ‘ಇವನು ಪಾಪ ಮಾಡಿರಲೇಬೇಕು’ ಎಂಬ ತೀರ್ಪು ಹುಟ್ಟುತ್ತದೆ.

ಆ ತೀರ್ಪನ್ನೇ ವಿಚಾರಣೆಗೆ ಗುರಿಪಡಿಸಿದ್ದು 42 ಅಧ್ಯಾಯಗಳ ಯೋಬನ ಗ್ರಂಥ. ಇದು ಕ್ರಿ.ಪೂ. 6ರಿಂದ 4ನೇ ಶತಮಾನದ ನಡುವೆ ರಚಿತವಾಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಬ್ಯಾಬಿಲೋನಿಯದವರು ಜೆರುಸಲೇಮನ್ನು ಕೆಡವಿ ಜನರನ್ನು ಸೆರೆಯೊಯ್ದದ್ದು ಕ್ರಿ.ಪೂ. 586ರ ಸುಮಾರಿಗೆ. ಪ್ರಶ್ನೆಯಂತೂ ಅದಕ್ಕಿಂತ ಹಳೆಯದು. ನೊಂದವನೊಬ್ಬ ಗೆಳೆಯನೊಡನೆ ದೇವರ ನ್ಯಾಯವನ್ನು ಚರ್ಚಿಸುವ ಕಾವ್ಯ ಬ್ಯಾಬಿಲೋನಿಯದಲ್ಲಿಯೂ ಇತ್ತು.

ಊಚ್ ದೇಶದ ಯೋಬ ನಿರ್ದೋಷಿ. 7,000 ಕುರಿ, 3,000 ಒಂಟೆ, ಏಳು ಗಂಡು, ಮೂರು ಹೆಣ್ಣು ಮಕ್ಕಳು ಅವನಿಗಿದ್ದರು. ಲಾಭವಿಲ್ಲದೆ ಇವನು ದೇವರಿಗೆ ನಡೆದುಕೊಳ್ಳುತ್ತಾನೆಯೇ ಎಂದು ಸೈತಾನ ದೇವಸಭೆಯಲ್ಲಿ ಕೇಳುತ್ತಾನೆ. ಇಲ್ಲಿ ಸೈತಾನ ಇನ್ನೂ ನರಕದ ಒಡೆಯನಲ್ಲ, ಆಪಾದನೆ ಹೊರಿಸುವವನು. ಪರೀಕ್ಷೆ ಶುರುವಾಗುತ್ತದೆ. ಸಂಪತ್ತು, ಮಕ್ಕಳು, ಆರೋಗ್ಯ ಎಲ್ಲವೂ ಹೋಗುತ್ತವೆ.

ಎಲೀಫಜ, ಬಿಲ್ದದ, ಚೋಫರ ಎಂಬ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಸಾಂತ್ವನ ಉಪದೇಶವಾಗುತ್ತದೆ, ಉಪದೇಶ ಆರೋಪವಾಗುತ್ತದೆ. ಕೊನೆಗೆ ಎಲೀಫಜ, ಯೋಬ ವಿಧವೆಯರನ್ನು ಬರಿಗೈಯಲ್ಲಿ ಅಟ್ಟಿದನೆಂದೂ ಬಡವರ ಬಟ್ಟೆ ಕಿತ್ತುಕೊಂಡನೆಂದೂ ಇಲ್ಲದ ಅಪರಾಧಗಳನ್ನು ಪಟ್ಟಿ ಮಾಡುತ್ತಾನೆ. ತನ್ನ ಸಿದ್ಧಾಂತ ಉಳಿಯಬೇಕಾದರೆ ಗೆಳೆಯ ಪಾಪಿಯಾಗಲೇಬೇಕು!

ಯೋಬ ಒಪ್ಪುವುದಿಲ್ಲ. ದುಷ್ಟರು ಮುಪ್ಪಿನವರೆಗೆ ಸುಖವಾಗಿದ್ದು ನೆಮ್ಮದಿಯಾಗಿ ಸಾಯುವುದನ್ನು ತೋರಿಸುತ್ತಾನೆ. ಸತ್ತ ಮೇಲೆ ನ್ಯಾಯ ದೊರೆಯುವುದೆಂಬ ನಂಬಿಕೆ ಸ್ಪಷ್ಟವಾಗಿ ಕಾಣುವುದು ಕ್ರಿ.ಪೂ. 2ನೇ ಶತಮಾನದ ದಾನಿಯೇಲನ ಗ್ರಂಥದಲ್ಲಿ. ಯೋಬನಾದರೋ ಕಡಿದ ಮರ ಚಿಗುರಬಹುದು, ಸತ್ತ ಮನುಷ್ಯ ಏಳಲಾರ ಎಂದು ಕೊರಗುತ್ತಾನೆ. ಆದ್ದರಿಂದಲೇ ಅವನಿಗೆ ಬದುಕಿರುವಾಗಲೇ ಉತ್ತರ ಬೇಕು.

ದೇವರು ಬಿರುಗಾಳಿಯೊಳಗಿಂದ ಮಾತನಾಡುತ್ತಾನೆ, ಆದರೆ ಕಾರಣ ಹೇಳುವುದಿಲ್ಲ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಕೇಳುತ್ತಾನೆ. ಸೃಷ್ಟಿಯ ಅಗಾಧತೆಯ ಮುಂದೆ ಯೋಬ ಮೌನಿಯಾಗುತ್ತಾನೆ. ಆದರೆ ದೇವರ ಕೋಪ ತಿರುಗುವುದು ಗೆಳೆಯರತ್ತ: ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಯೋಬನೇ ಹೊರತು ಅವರಲ್ಲ! ದೇವರ ಪರ ವಕೀಲಿ ಮಾಡಿದವರಿಗಾಗಿ, ದೇವರೊಡನೆ ಜಗಳವಾಡಿದವನು ಪ್ರಾರ್ಥಿಸಬೇಕಾಗುತ್ತದೆ.

ಕಥೆಯ ಕೊನೆಗೆ ಕುರಿ 14,000, ಒಂಟೆ 6,000, ಎಲ್ಲವೂ ಇಮ್ಮಡಿ. ಮಕ್ಕಳು ಮಾತ್ರ ಮತ್ತೆ ಏಳು ಮತ್ತು ಮೂರು. ಹೊಸ ಮಕ್ಕಳು ಹುಟ್ಟಿದರು. ಸತ್ತ ಹತ್ತು ಮಂದಿ ಮರಳಿ ಬರಲಿಲ್ಲ. ನೋವಿಗೆ ಕಾರಣವೇನೆಂದು ಈ ಗ್ರಂಥ ಹೇಳುವುದಿಲ್ಲ. ನೊಂದವನ ಎದುರು ಕುಳಿತು ಅವನ ಪಾಪ ಹುಡುಕಬಾರದೆಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತದೆ.