ಸಕ್ಕರೆ ಕಾಯಿಲೆಯ ಕಾಲು: ಒಂದು ತಪ್ಪು ನಂಬಿಕೆಯ ಚರಿತ್ರೆ

ಮಧುಮೇಹಕ್ಕೂ ಗ್ಯಾಂಗ್ರೀನಿಗೂ ನಂಟಿದೆಯೆಂದು ಫ್ರಾನ್ಸಿನ ಮಾರ್ಷಲ್ ದ ಕಾಲ್ವಿ 1852ರಲ್ಲೇ ಹೇಳಿದ್ದರು. ಆದರೆ ಅದು ದೊಡ್ಡ ಸಮಸ್ಯೆಯಾಗಿ ಕಾಣಿಸಿಕೊಂಡದ್ದು ಇನ್ಸುಲಿನ್ ಬಂದ ಮೇಲೆ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಚುಚ್ಚುಮದ್ದು ಕೊಟ್ಟರು. ಕೋಮಾದಲ್ಲಿ ಸಾಯುವವರು ಕಡಿಮೆಯಾದರು. ಹೆಚ್ಚು ವರ್ಷ ಬದುಕಿದವರ ಕಾಲುಗಳು ಕೊಳೆಯತೊಡಗಿದವು. ಇದು ಹಣೆಬರಹವಲ್ಲ, ಬಹುಪಾಲು ತಡೆಯಬಹುದಾದದ್ದು ಎಂದು ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ 1934ರಲ್ಲಿ ವಾದಿಸಿದರು.

ಆ ವಾದಕ್ಕೆ ಅಡ್ಡ ಬಂದದ್ದು 1959ರ ಒಂದು ಅಧ್ಯಯನ. ಗೋಲ್ಡನ್‌ಬರ್ಗ್ ಮತ್ತು ಸಂಗಡಿಗರು ಕತ್ತರಿಸಿ ತೆಗೆದ ಕಾಲುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಮಧುಮೇಹಿಗಳಲ್ಲಿ ಅತಿ ಸಣ್ಣ ರಕ್ತನಾಳಗಳೇ ಮುಚ್ಚಿಹೋಗಿರುತ್ತವೆ ಎಂದರು. ತುದಿಯ ನಾಳಗಳೇ ಕಟ್ಟಿಕೊಂಡಿದ್ದರೆ ಮೇಲಿನಿಂದ ರಕ್ತ ಹರಿಸಿ ಫಲವೇನು? ಬೈಪಾಸ್ ದಂಡ, ಕಾಲು ತೆಗೆಯುವುದೇ ಸರಿ ಎಂಬ ನಿಲುವು ಬೇರೂರಿತು. 1964ರಲ್ಲಿ ಸ್ಟ್ರ್ಯಾಂಡ್‌ನೆಸ್ ತಂಡಕ್ಕೆ ಅಂಥ ಅಡಚಣೆ ಕಾಣಲಿಲ್ಲ. ಆದರೂ ನಂಬಿಕೆ ಕದಲಲಿಲ್ಲ. ಕೈಚೆಲ್ಲುವುದಕ್ಕೆ ವಿಜ್ಞಾನದ ಸಮ್ಮತಿ ಸಿಕ್ಕರೆ ಅದನ್ನು ಬಿಟ್ಟುಕೊಡುವುದು ಕಷ್ಟ. 1984ರಲ್ಲಿ ಲೊಗೆರ್ಫೊ ಮತ್ತು ಕಾಫ್‌ಮನ್ ಸಾಕ್ಷ್ಯಗಳನ್ನೆಲ್ಲ ಒಟ್ಟಿಗೆ ತೂಗಿ ಈ ಕಲ್ಪನೆಯನ್ನು ಅಲ್ಲಗಳೆದರು.

ಮಧುಮೇಹಿಗಳಲ್ಲಿ ತಡೆ ಹೆಚ್ಚಾಗಿ ಮಂಡಿಗೂ ಹರಡಿಗೂ ನಡುವಿನ ಧಮನಿಗಳಲ್ಲಿರುತ್ತದೆ. ಪಾದದ ಧಮನಿ ಎಷ್ಟೋ ಸಲ ತೆರೆದೇ ಇರುತ್ತದೆ. ಹೀಗಾಗಿ ರೋಗಿಯದೇ ಅಭಿಧಮನಿಯನ್ನು ತೆಗೆದು ಪಾದದ ಮೇಲ್ಭಾಗದ ಧಮನಿಗೇ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಬಾಸ್ಟನ್ನಿನಲ್ಲಿ ಬೆಳೆಯಿತು. ಇನ್ನೊಂದು ಮೋಸವೂ ಆಗ ಬಯಲಾಗತೊಡಗಿತ್ತು: ಗೋಡೆಯಲ್ಲಿ ಸುಣ್ಣ ಸೇರಿ ಗಡುಸಾದ ಧಮನಿ ರಕ್ತದೊತ್ತಡ ಅಳೆಯುವ ಪಟ್ಟಿಯ ಒತ್ತಡಕ್ಕೆ ಬಾಗದು, ಆದ್ದರಿಂದ ಹರಡಿನ ರಕ್ತದೊತ್ತಡ ಸುಳ್ಳೇ ಚೆನ್ನಾಗಿ ತೋರುತ್ತದೆ. ಹೆಬ್ಬೆರಳಿನ ಒತ್ತಡ ಅಳೆಯುವುದು ಅದಕ್ಕಾಗಿಯೇ.

ರಕ್ತದ ಕಥೆ ಅರ್ಧ ಮಾತ್ರ. ಉಳಿದರ್ಧ ನರದ್ದು, ಅದು ಬಂದದ್ದು ನಮ್ಮ ಪಕ್ಕದ ವೆಲ್ಲೂರಿನಿಂದ. 1946ರಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಕಾಲು ತಾನಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದೆ ಪೆಟ್ಟು ತಿಂದು ಸವೆಯುತ್ತದೆ ಎಂದು ತೋರಿಸಿದರು. 1960ರ ದಶಕದಲ್ಲಿ ಅವರು ಕುಷ್ಠರೋಗ ಆಸ್ಪತ್ರೆಯಿದ್ದ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಇದೇ ತಿಳಿವಳಿಕೆ ಮಧುಮೇಹಿಗಳಿಗೂ ಒದಗಿತು. ಜೋಮು ಹಿಡಿದ ಅಂಗಾಲಿನಲ್ಲಿ ಒಂದೇ ಜಾಗಕ್ಕೆ ಭಾರ ಬಿದ್ದು ಚರ್ಮ ದಡ್ಡುಗಟ್ಟುತ್ತದೆ, ಒಳಗೆ ಹುಣ್ಣಾಗುತ್ತದೆ, ರೋಗಿ ಅದರ ಮೇಲೇ ನಡೆಯುತ್ತಾನೆ. ಪಾದಕ್ಕೆ ಪೂರ್ತಿ ಅಂಟಿ ಭಾರ ಹಂಚುವ ಪ್ಲಾಸ್ಟರ್ ಕಟ್ಟು ಇವತ್ತಿಗೂ ಇಂಥ ಹುಣ್ಣಿಗೆ ಉತ್ತಮ ಉಪಾಯ. ನಮ್ಮಲ್ಲಿ ಮುಲಾಮಿಗೆ ದುಡ್ಡು ಸುರಿಯುವವರು ಚಪ್ಪಲಿಯತ್ತ ನೋಡುವುದೇ ಇಲ್ಲ.

ಸಕ್ಕರೆ ಹತೋಟಿಯಲ್ಲಿದ್ದರೆ ನರ, ಕಣ್ಣು, ಮೂತ್ರಪಿಂಡಗಳ ಹಾನಿ ತಗ್ಗುತ್ತದೆಂದು 1993ರ ಡಿಸಿಸಿಟಿ ಅಧ್ಯಯನ ಸಾಬೀತುಪಡಿಸಿತು. ದೊಡ್ಡ ಧಮನಿಗಳ ವಿಚಾರ ಅಷ್ಟು ಸಲೀಸಲ್ಲ. ಅಲ್ಲಿ ಬೀಡಿ-ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಈಗಿನ ಜಗಳ ಬೈಪಾಸೋ, ಧಮನಿಯೊಳಗೆ ಬಲೂನು ಉಬ್ಬಿಸಿ ತಡೆ ಬಿಡಿಸುವುದೋ ಎಂಬುದು. ಕಾಲಿನ ಒಳಬದಿಯ ಅಭಿಧಮನಿ ಚೆನ್ನಾಗಿದ್ದವರಿಗೆ ಬೈಪಾಸ್ ಮೇಲು ಎಂದಿತು 2022ರ ಬೆಸ್ಟ್-ಸಿಎಲ್‌ಐ ಪ್ರಯೋಗ. ಮಂಡಿಯ ಕೆಳಗಿನ ತಡೆಗೆ ಬಲೂನಿನ ದಾರಿಯೇ ಮೊದಲು ಎಂದಿತು 2023ರ ಬೇಸಿಲ್-2. ಎರಡರಲ್ಲೂ ಹೆಚ್ಚಿನವರು ಮಧುಮೇಹಿಗಳೇ. ರಕ್ತ ಹರಿದು ಹುಣ್ಣು ಮಾಯ್ದ ಮೇಲೂ ಸುಮಾರು 40% ಮಂದಿಗೆ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ರಕ್ತನಾಳ ತೆರೆದರೂ ಪಾದದ ಜೋಮು ಹಾಗೇ ಉಳಿದಿರುತ್ತದಲ್ಲ.